ತಗಡಿನ ಮೇಲಿನ ಕಲ್ಲು

ಮಿಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ನಾನು ರಾಯಚೂರಿನ ಐಟಿಐಯಲ್ಲಿ ಹುಡುಗರ ಮುಂದೆ ಮೋಟರಿನ ಸ್ಟಾರ್ಟರ್ ಒಂದನ್ನು ಬಿಚ್ಚಿಟ್ಟುಕೊಂಡು ನಿಂತಿದ್ದೆ. ಫೋನ್ ಕೆಳಗಿಟ್ಟು ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಎಣಿಸಿದೆ. ಒಂಬತ್ತಿರಬೇಕಿತ್ತು, ಒಂಬತ್ತಿದ್ದವು. ಬಿಚ್ಚಿದ್ದನ್ನು ಎಣಿಸಿಯೇ ಕೈ ತೊಳೆಯಬೇಕು ಎಂದು ನನಗೆ ಕಲಿಸಿದವರು ಅವರೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಮಾನ್ವಿಯಲ್ಲಿ ಅರ್ಧ ಮಂದಿಗೆ ಗೊತ್ತಾಗಲಿಕ್ಕಿಲ್ಲ. ಮಿಸ್ತ್ರಿ ಎಂದರೆ ಗೊತ್ತಾಗುತ್ತದೆ. ಕಲ್ಲಿನ ಮಿಸ್ತ್ರಿ ಎಂದರೆ ಇನ್ನೂ ಬೇಗ ಗೊತ್ತಾಗುತ್ತದೆ, ಹೇಳುವವರು ಸ್ವಲ್ಪ ನಗುತ್ತಾರೆ. ಆ ನಗುವಿನ ಕಾರಣವನ್ನು ಬರೆಯಲಿಕ್ಕೆ ಕೂತಿದ್ದೇನೆ. ಅವರು ಬದುಕಿದ್ದಾಗಲೇ ಹೇಳಬೇಕಾಗಿದ್ದ ಮಾತು ಇದು.

ಹುಟ್ಟೂರು ಹಿರೇಕೊಟ್ನೆಕಲ್. ಕೆಲಸ ಅಕ್ಕಿ ಮಿಲ್ಲುಗಳ ಯಂತ್ರ ಕೂಡಿಸುವುದು, ಬಿಚ್ಚುವುದು, ಕೆಟ್ಟರೆ ರಿಪೇರಿ ಮಾಡುವುದು. ಮಾನ್ವಿಯ ಸುತ್ತ ಅವರ ಕೈ ತಾಗದ ಮಿಲ್ಲು ಕಡಿಮೆ. ಬೇರಿಂಗ್ ಬಿಸಿಯಾಗಿದೆಯೇ ಎಂದು ನೋಡಲು ಎಲ್ಲರೂ ಅಂಗೈ ಇಡುತ್ತಾರೆ. ಅವರು ಹಿಂಗೈ ಇಡುತ್ತಿದ್ದರು. ಕೇಳಿದರೆ, "ಅಂಗೈ ಸುಟ್ರ ನಾಳಿ ಪಾನಾ ಹ್ಯಾಂಗ ಹಿಡಿತೀಯಲೇ ತಮ್ಮಾ?" ಎನ್ನುತ್ತಿದ್ದರು. ಪಾನಾ ಅಂದರೆ ಸ್ಪ್ಯಾನರು. ಯಂತ್ರದ ಮಾತು ಕೇಳಲು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಕಣ್ಣು ತೆರೆಯದೆಯೇ ಬೈಯುತ್ತಿದ್ದರು. ಹಣೆಯ ವಿಭೂತಿಗೆ ಮಧ್ಯಾಹ್ನದ ಹೊತ್ತಿಗೆ ಅಕ್ಕಿ ತೌಡು ಮೆತ್ತಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ದಿನವಿಡೀ ಅಕ್ಕಿಯ ನಡುವೆ ಇದ್ದ ಆ ಮನುಷ್ಯನಿಗೆ ಅನ್ನ ಸೇರುತ್ತಿರಲಿಲ್ಲ. ಎರಡು ಹೊತ್ತೂ ಜೋಳದ ರೊಟ್ಟಿಯೇ ಆಗಬೇಕು. ಮಿಲ್ ಮಾಲಕರ ಮನೆಯಲ್ಲಿ ಊಟಕ್ಕೆ ಕೂತರೆ, "ನಿಮ್ಮ ಅಕ್ಕಿ ನಿಮಗ ಇರ್ಲಿರೀ, ನನಗ ರೊಟ್ಟಿ ಹಾಕಿಸ್ರಿ" ಎಂದು ಮುಖಕ್ಕೇ ಹೇಳುತ್ತಿದ್ದರು.

ಹನ್ನೆರಡು ವರ್ಷದ ಹಿಂದಿನ ಮಾತು. ಮಾನ್ವಿಯ ಮಿಲ್ಲೊಂದರ ಹಳೆಯ ಸಣ್ಣ ಯಂತ್ರಗಳನ್ನು ಅಂಡಮಾನಿನ ಒಂದು ದ್ವೀಪದ ರೈತರ ಸಂಘ ಕೊಂಡುಕೊಂಡಿತು. ಅಲ್ಲಿಯೂ ಭತ್ತ ಬೆಳೆಯುತ್ತಾರೆ ಎಂಬುದೇ ನಮಗೆ ಆಗ ತಿಳಿದದ್ದು. ಯಂತ್ರ ಬಿಚ್ಚಿ ಕಳಿಸಿದ ಮೇಲೆ ಅದನ್ನು ಕೂಡಿಸಲು ಮಿಸ್ತ್ರಿ ಹೋಗಬೇಕಾಯಿತು. ಮೋಟರು, ವೈರಿಂಗ್ ನೋಡಲು ನಾನು ಅವರ ಜೊತೆ ಹೊರಟೆ. ಆಗಿನ್ನೂ ನನಗೆ ಈ ನೌಕರಿ ಸಿಕ್ಕಿರಲಿಲ್ಲ. ಮಿಸ್ತ್ರಿಯ ಚೀಲದಲ್ಲಿ ಪಾನಾಗಳಿಗಿಂತ ಜೋಳದ ಹಿಟ್ಟೇ ಹೆಚ್ಚು ತೂಕವಿತ್ತು. ಹಡಗಿನಲ್ಲಿ ಮೂರು ದಿನ ವಾಂತಿ ಮಾಡಿಕೊಂಡರೂ ಆ ಚೀಲವನ್ನು ತಲೆಯ ಕೆಳಗಿನಿಂದ ತೆಗೆಯಲಿಲ್ಲ.

ದ್ವೀಪ ಸಣ್ಣದು. ಒಂದು ಕಡೆ ಕಾಡು, ಇನ್ನೊಂದು ಕಡೆ ಗದ್ದೆ, ತೆಂಗು, ನಡುವೆ ಬಹಳ ಹಿಂದೆ ಬಂದು ನೆಲೆಸಿದ ಬಂಗಾಳಿ ರೈತರ ಮನೆಗಳು. ಮಿಲ್ಲಿನ ಶೆಡ್ಡು ಸಮುದ್ರದಿಂದ ಮುನ್ನೂರು ಹೆಜ್ಜೆ ದೂರ. ನಾನು ಹೆಜ್ಜೆ ಹಾಕಿ ಎಣಿಸಿದ್ದೆ. ಕಂಬ, ಗೋಡೆ ಆಗಿದ್ದವು. ಮೇಲೆ ತಗಡು ಹೊದಿಸಿದ್ದರು, ಆದರೆ ತಗಡನ್ನು ಕಬ್ಬಿಣದ ಪಟ್ಟಿಗೆ ಬಿಗಿಯುವ ಹುಕ್ಕುಗಳು ಬಂದಿರಲಿಲ್ಲ. ಮುಂದಿನ ಹಡಗಿಗೆ ಬರುತ್ತವೆ ಎಂದಿದ್ದರು. ಶೆಡ್ಡಿನ ಪಕ್ಕಕ್ಕೆ ಇಳಿಜಾರಾಗಿ ನಾಲ್ಕು ತಗಡು ಹೊದಿಸಿ ಒಂದು ಅಡುಗೆಮನೆ ಮಾಡಿದ್ದರು. ಅಲ್ಲಿ ನಮಗೆ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸನ್ನು ಊರವರೆಲ್ಲ ಮಾಶಿ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ನಾವೂ ಹಾಗೇ ಕರೆದೆವು. ಆಕೆಯ ಹಿಂದಿಯಲ್ಲಿ ಬಂಗಾಳಿ ಬೆರೆತಿತ್ತು, ಮಿಸ್ತ್ರಿಯ ಹಿಂದಿಯಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಬೆರೆತಿದ್ದವು. ಅರ್ಧರ್ಧ ತಿಳಿದುಕೊಂಡೇ ಇಬ್ಬರೂ ದಿನವಿಡೀ ಜಗಳ ಆಡುತ್ತಿದ್ದರು. ಆಕೆಗೆ ಇವರು ಮೀನು ತಿನ್ನುವುದಿಲ್ಲ ಎಂಬುದು ಬೇಸರ, ಇವರಿಗೆ ಆಕೆ ಒಲೆ ಬಿಟ್ಟುಕೊಡದೆ ರೊಟ್ಟಿ ತಡವಾಗುತ್ತದೆ ಎಂಬುದು ಬೇಸರ.

ತೂಫಾನು ಬರುತ್ತದೆ ಎಂದು ಎರಡು ದಿನ ಮೊದಲೇ ಹೇಳಿದರು. ಸಂಘದ ಕಾವಲುಗಾರ ದೊಡ್ಡದೊಂದು ಸುರುಳಿ ಹಗ್ಗ ತಂದು ಶೆಡ್ಡಿನ ಮುಂದೆ ಹಾಕಿದ, ದೋಣಿಗೆ ಕಟ್ಟುವ ದಪ್ಪ ಹಗ್ಗ. ಇಲ್ಲವೇ ತಗಡು ಇಳಿಸಿಬಿಡಿ, ಇಲ್ಲವೇ ಮೇಲಿಂದ ಹಗ್ಗ ಹಾಯಿಸಿ ನೆಲದಲ್ಲಿ ಗೂಟ ಹೊಡೆದು ಬಿಗಿಯಿರಿ ಎಂದ. ಮಿಸ್ತ್ರಿ ಹಗ್ಗವನ್ನು ಕಾಲಿನಿಂದ ಸರಿಸಿ ನೋಡಿದರು.

"ಹಗ್ಗ ದನ ಕಟ್ಟಾಕ. ತಗಡಿಗಿ ಕಲ್ಲು ಬೇಕು" ಎಂದು ನನಗೆ ಹೇಳಿದರು. "ನಮ್ಮ ಕಡಿ ಬ್ಯಾಸಗ್ಯಾಗ ಎಂಥಾ ಗಾಳಿ ಬರ್ತದ. ಯಾರ ಮನಿ ತಗಡರ ಹಾರಿದ್ದು ನೋಡೀಯೇನು?"

ನಾನು ನೋಡಿರಲಿಲ್ಲ. ಗಬ್ಬೂರಿನ ನಮ್ಮ ಮನೆಯ ದನದ ಕೊಟ್ಟಿಗೆಯ ಮೇಲೆ ನಾನು ಹುಟ್ಟುವ ಮೊದಲಿನಿಂದ ಕಲ್ಲುಗಳಿದ್ದವು. ತಗಡು ಎಂದರೆ ಅದರ ಮೇಲೆ ಕಲ್ಲು ಇರಬೇಕು ಎಂದೇ ನನ್ನ ತಿಳಿವಳಿಕೆ. ಇಬ್ಬರಿಗೂ ಅನುಮಾನ ಬರಲಿಲ್ಲ.

ಪಾಯ ತೋಡಿದಾಗ ಎದ್ದ ಕಲ್ಲುಗಳು ಹತ್ತಿರದಲ್ಲೇ ಬಿದ್ದಿದ್ದವು. ಎರಡು ಕೈಯಿಂದ ಎತ್ತಿ ಎದೆಗೊತ್ತಿಕೊಂಡು ತರಬೇಕಾದಷ್ಟು ಭಾರ. ನಾನು ಏಣಿಯ ಮೇಲೆ ನಿಂತು ಕೊಟ್ಟೆ, ಮಿಸ್ತ್ರಿ ಮೇಲೆ ಕೂತು ಇಟ್ಟರು. ಶೆಡ್ಡಿನ ಮೇಲೆ ಹದಿಮೂರು. ಆಮೇಲೆ ಅವರು ಮೋಟರಿಗೆ ತಾಡಪಾಲು ಸುತ್ತಲು ಕೆಳಗಿಳಿದರು. ಒಳಗಿನಿಂದಲೇ ಕೂಗಿ, "ಅಡಗಿಮನಿ ಮ್ಯಾಲೂ ಮೂರು ಇಡಲೇ ತಮ್ಮಾ" ಎಂದರು. ಆ ಮೂರನ್ನು ನಾನು ಇಟ್ಟೆ. ಒಟ್ಟು ಹದಿನಾರು. ಮಾಶಿ ಅಂಗಳದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಇದೇನು, ನಿಮ್ಮೂರಲ್ಲಿ ಮನೆಯ ಮೇಲೆ ಮನೆ ಕಟ್ಟುತ್ತಾರೆಯೇ ಎಂದು ಕೇಳಿದಳು. ಕಾವಲುಗಾರ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಎಲ್ಲರೂ ಶಾಲೆಯ ಕಾಂಕ್ರೀಟ್ ಕಟ್ಟಡಕ್ಕೆ ಹೋದರು. ಮಿಸ್ತ್ರಿ ಬರುವುದಿಲ್ಲ ಎಂದರು. ಮೋಟರಿಗೆ ಉಪ್ಪುನೀರು ತಾಗಿದರೆ ಆರು ವಾರದ ಕೆಲಸ ಹೋದಂತೆ, ತಾಡಪಾಲು ಹಿಡಿದುಕೊಂಡು ಕೂರುತ್ತೇನೆ ಎಂದರು. ಅವರು ಕೂತರೆಂದು ನಾನೂ ಕೂತೆ.

ರಾಯಚೂರು ಸೀಮೆಯ ಗಾಳಿ ನನಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಇಳಿದ ಮೇಲೆ ಆಕಾಶ ಕೆಂಪಾಗುತ್ತದೆ, ಧೂಳು ಏಳುತ್ತದೆ, ಕಾಲು ಗಂಟೆ ಬಡಿಯುತ್ತದೆ, ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಈ ಗಾಳಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಹತ್ತಕ್ಕೂ ಇತ್ತು, ಹನ್ನೆರಡಕ್ಕೂ ಇತ್ತು. ಜೋರು ಮಾತ್ರ ಗಂಟೆಗಂಟೆಗೆ ಏರುತ್ತಿತ್ತು. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ತುಟಿಗೆ ತಾಗಿದರೆ ಉಪ್ಪು. ತೆಂಗಿನ ಗರಿಗಳು ಒಂದೇ ಕಡೆಗೆ ಒರಗಿ ಹಾಗೇ ನಿಂತುಬಿಟ್ಟಿದ್ದವು. ಕೂಗಿದರೂ ಪಕ್ಕದವರಿಗೆ ಕೇಳುತ್ತಿರಲಿಲ್ಲ.

ತಗಡು ಹಾರಲಿಲ್ಲ. ಮೊದಲು ನಡುಗಿತು, ಆಮೇಲೆ ಬಡಿಯತೊಡಗಿತು. ಒಂದೊಂದು ಬಡಿತಕ್ಕೂ ಮೇಲಿನ ಕಲ್ಲು ಒಂದು ಬೆರಳಿನಷ್ಟು ಸರಿಯುತ್ತಿತ್ತು. ಇದು ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿಸಿತು. ತಲೆಯ ಮೇಲೆ ಯಾರೋ ಕಾಲು ಎಳೆದುಕೊಂಡು ನಡೆದಾಡಿದ ಹಾಗೆ. ಮಿಸ್ತ್ರಿ ತಾಡಪಾಲಿನ ಕೆಳಗಿನಿಂದ ತಲೆ ಎತ್ತಿದರು. ಬೇರಿಂಗಿನ ಮಾತು ಕೇಳುವಾಗ ಮಾಡುವಂತೆ ಕಣ್ಣು ಮುಚ್ಚಿ ಕೇಳಿದರು. ನಂತರ ನನ್ನ ಕಿವಿಗೆ ಬಾಯಿ ಇಟ್ಟು, "ಕಲ್ಲು ನಡಿಯಾಕತ್ತಾವ" ಎಂದರು.

ನಮ್ಮ ಕಡೆಯ ಕಾಲು ಗಂಟೆಯ ಗಾಳಿಯಲ್ಲಿ ಕಲ್ಲಿಗೆ ನಡೆಯಲು ಹೊತ್ತು ಸಾಲುವುದಿಲ್ಲ. ಇಲ್ಲಿ ಗಾಳಿ ಶುರುವಾಗಿ ಐದು ಗಂಟೆ ಆಗಿತ್ತು. ಇದು ನಮಗೆ ಹೊಳೆದದ್ದು ಅಷ್ಟು ತಡವಾಗಿ.

ಅದೇ ಹೊತ್ತಿಗೆ ಮಾಶಿ ಬಂದಳು. ನಾವು ಶಾಲೆಗೆ ಬರಲಿಲ್ಲವೆಂದು, ಗೋಡೆ ಹಿಡಿದುಕೊಂಡು, ಬಗ್ಗಿಕೊಂಡು ಕರೆಯಲು ಬಂದಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬಲಗೈ ಎತ್ತಿ ಬನ್ನಿ ಎಂದು ಬೀಸಿದಳು. ಅವಳ ಮೇಲಿನ ತಗಡಿನ ಅಂಚು ಎದ್ದಿತು. ಕಲ್ಲು ಜಾರಿ ಎರಡು ತಗಡಿನ ಸಂದಿನಿಂದ ಇಳಿಯಿತು. ಅದು ತಲೆಗೆ ಬೀಳಲಿಲ್ಲ. ಎತ್ತಿದ ಕೈಯ ಮೊಣಕೈಗೆ ಬಿತ್ತು. ಅವಳು ಕೂಗಿದ್ದು ನನಗೆ ಕೇಳಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು.

ಮಿಸ್ತ್ರಿ ಆರು ವಾರದ ಕೆಲಸವನ್ನೂ ಮೋಟರನ್ನೂ ಬಿಟ್ಟು, ತಾಡಪಾಲು ಕಿತ್ತು ಅವಳಿಗೆ ಸುತ್ತಿದರು. ಇಬ್ಬರೂ ಅವಳನ್ನು ಎತ್ತಿಕೊಂಡು ಶಾಲೆಗೆ ಹೋದೆವು. ಎಷ್ಟು ಹೊತ್ತು ಹಿಡಿಯಿತು, ಹೇಗೆ ಹೋದೆವು ಎಂದು ನನಗೆ ಹೇಳಲು ಬರುವುದಿಲ್ಲ. ಆ ದಿನದಲ್ಲಿ ನಾನು ಎಣಿಸದೆ ಬಿಟ್ಟದ್ದು ಅದೊಂದೇ.

ತೂಫಾನಿನ ಮರುದಿನ ಬಿಸಿಲು ಬಿದ್ದಿತು. ಗಿಡಗಳಲ್ಲಿ ಒಂದು ಎಲೆ ಇರಲಿಲ್ಲ. ಉಳಿದ ಹುಲ್ಲು ಎರಡೇ ದಿನದಲ್ಲಿ ಉಪ್ಪಿಗೆ ಸುಟ್ಟು ಕಂದಾಗಿ, ಎಲ್ಲಿ ನೋಡಿದರೂ ನಮ್ಮ ಬೇಸಿಗೆಯ ಹೊಲದಂತೆ ಕಾಣುತ್ತಿತ್ತು. ಬಾವಿಗಳ ನೀರು ಉಪ್ಪಾಗಿತ್ತು. ಒಂಬತ್ತು ದಿನ ಹಡಗು ಬರಲಿಲ್ಲ. ದ್ವೀಪದಲ್ಲಿ ಡಾಕ್ಟರ್ ಇರಲಿಲ್ಲ. ಒಬ್ಬ ಕಂಪೌಂಡರ್ ಬಿದಿರಿನ ಪಟ್ಟಿ ಇಟ್ಟು ಮಾಶಿಯ ಕೈ ಕಟ್ಟಿದ. ಹಡಗು ಬರುವ ಹೊತ್ತಿಗೆ ಮೂಳೆ ಹೇಗಿತ್ತೋ ಹಾಗೇ ಕೂಡಿಕೊಂಡಿತ್ತು. ಆ ಕೈ ಮತ್ತೆ ನೇರವಾಗಲಿಲ್ಲ. ಶಾಲೆಯಲ್ಲಿ ಅಕ್ಕಿ ಮುಗಿದಾಗ ಮಿಸ್ತ್ರಿ ತಮ್ಮ ಹಿಟ್ಟಿನ ಚೀಲ ತೆಗೆದರು. ಮಳೆನೀರಿನಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದರು. ಮಕ್ಕಳು ಒಂದು ತುತ್ತು ತಿಂದು ಉಗುಳಿದರು. ಮಾಶಿ ಎಡಗೈಯಿಂದ ಹಿಡಿದು ಒಂದು ಪೂರ್ತಿ ರೊಟ್ಟಿ ತಿಂದು, ಇದನ್ನು ಅಗಿಯುವಷ್ಟರಲ್ಲಿ ಇನ್ನೊಂದು ತೂಫಾನು ಬಂದು ಹೋಗುತ್ತದೆ ಎಂದಳು. ಎಲ್ಲರೂ ನಕ್ಕರು, ಮಿಸ್ತ್ರಿ ನಗಲಿಲ್ಲ.

ಹಾನಿ ಬರೆದುಕೊಳ್ಳಲು ಒಬ್ಬ ಗುಮಾಸ್ತ ಬಂದ. ಶಾಲೆಯ ಪಡಸಾಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಬರೆದ. ಗಾಯ ಆದವರ ಹೆಸರಿನ ಮುಂದೆ ಮರ, ಗೋಡೆ, ತಗಡು, ನೀರು ಎಂದು ಗೆರೆ ಎಳೆದ ನಾಲ್ಕು ಮನೆಗಳಿದ್ದವು. ಮಾಶಿಯ ಹೆಸರಿನ ಮುಂದೆ ತಗಡಿನ ಮನೆಯಲ್ಲಿ ಗುರುತು ಹಾಕಿದ. ಮಿಸ್ತ್ರಿ ಮುಂದೆ ಹೋಗಿ, ತಗಡಲ್ಲ, ಕಲ್ಲು, ಆ ಕಲ್ಲು ನಾನು ಇಡಿಸಿದ್ದು, ಹಾಗೆಂದೇ ಬರೆಯಬೇಕು ಎಂದರು. ಕಲ್ಲಿಗೆ ಮನೆ ಇಲ್ಲ ಎಂದ ಗುಮಾಸ್ತ. ತೂಫಾನಿನಲ್ಲಿ ಬಿದ್ದದ್ದೆಲ್ಲ ತೂಫಾನೇ ಬೀಳಿಸಿದ್ದು ಎಂದ. ಮಿಸ್ತ್ರಿ ಹೋಗಿ ಮತ್ತೆ ಬಂದರು, ಮತ್ತೆ ಹೇಳಿದರು. ಮೂರನೆಯ ಸಲ ಅವನು ಪೆನ್ನಿನ ಮುಚ್ಚಳ ಹಾಕಿ ಬೇರೆ ಕಡೆ ನೋಡಿದ. ಮಾಶಿಯೇ ಒಳಗಿನಿಂದ ಬೈದಳು. ಅಣ್ಣಾ, ಸುಮ್ಮನಿರು, ಗಾಳಿ ಮಾಡಿದ್ದನ್ನು ನಿನ್ನ ತಲೆಗೆ ಯಾಕೆ ಹಾಕಿಕೊಳ್ಳುತ್ತೀ ಎಂದಳು.

ನಾನು ಆ ಪಡಸಾಲೆಯಲ್ಲೇ, ಎರಡು ಮಾರು ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಬಿದ್ದ ಕಲ್ಲು ಅಡುಗೆಮನೆಯ ಮೂರರಲ್ಲಿ ಒಂದು. ಅದನ್ನು ಇಟ್ಟವನು ನಾನು. ನಾನು ಬಾಯಿ ತೆರೆಯಲಿಲ್ಲ.

ಮಿಲ್ಲು ಕೂಡಿಸಿಯೇ ಬಂದೆವು. ಯಂತ್ರಕ್ಕೆ ಏನೂ ಆಗಿರಲಿಲ್ಲ, ಮೋಟರನ್ನು ಬಿಚ್ಚಿ ಒಣಗಿಸಿದರೆ ಸಾಕಾಯಿತು. ಹಡಗು ಹತ್ತುವ ಮುಂಚೆ ಮಿಸ್ತ್ರಿ ಕಾವಲುಗಾರನ ಹತ್ತಿರ ಕೂತು ಹಗ್ಗ ಹಾಯಿಸಿ ಬಿಗಿಯುವುದನ್ನು ಎರಡು ದಿನ ಕಲಿತರು.

ಊರಿಗೆ ಬಂದ ಮೇಲೆ ಅವರ ಕತ್ತು ಮೇಲೆಯೇ ಇರತೊಡಗಿತು. ದಾರಿಯಲ್ಲಿ ನಡೆಯುವಾಗ ಜನರ ಮುಖ ಬಿಟ್ಟು ಮನೆಗಳ ಮಾಡು ನೋಡುತ್ತಿದ್ದರು. ಅವರ ಜೊತೆ ಬಸ್ಸಿನಲ್ಲಿ ಕೂತರೆ ಕಿಟಕಿಯಿಂದ ತೋರಿಸುತ್ತಿದ್ದರು. "ಅಲ್ಲಿ ನೋಡು, ಒಳ್ಳುಕಲ್ಲು. ಅಲ್ಲಿ ಬೀಸುಕಲ್ಲಿನ ಅರ್ಧ. ಅಯ್ಯ, ಇವ ನೋಡು, ಟ್ರ್ಯಾಕ್ಟರ್ ಟೈರ್ ಇಟ್ಟಾನ. ಇವ ಶಾಣ್ಯಾ. ಟೈರ್ ಬಿದ್ರ ತಲಿ ಒಡಿಯಂಗಿಲ್ಲ."

ಯುಗಾದಿಗೆ ಮುಂಚೆ, ಬೇಸಿಗೆಯ ಗಾಳಿ ಶುರುವಾಗುವ ಮೊದಲು, ಬೈಕಿಗೆ ಬೈಂಡಿಂಗ್ ವೈರಿನ ಸುರುಳಿ ಸಿಕ್ಕಿಸಿಕೊಂಡು, ಜೇಬಿನಲ್ಲಿ ತಂತಿ ತಿರುಚುವ ಪಕ್ಕಡ ಇಟ್ಟುಕೊಂಡು ಹಳ್ಳಿಗಳಿಗೆ ಹೊರಡುತ್ತಿದ್ದರು. ಮೊದಮೊದಲು ಮಿಲ್ಲಿನ ಕೆಲಸಕ್ಕೆ ಹೋದ ಕಡೆ ಮಾತ್ರ ಹೇಳುತ್ತಿದ್ದರು. ಆಮೇಲೆ ಇದೇ ಕೆಲಸವಾಯಿತು. ಕಲ್ಲು ಇಳಿಸಿ, ತಗಡನ್ನು ತಂತಿಯಿಂದ ಕೆಳಗಿನ ಮರಕ್ಕೆ ಬಿಗಿದುಕೊಡುತ್ತೇನೆ, ನನಗೇನೂ ಬೇಡ ಎನ್ನುತ್ತಿದ್ದರು. ಏನೂ ಬೇಡ ಎಂದದ್ದರಿಂದಲೇ ಜನರಿಗೆ ಅನುಮಾನ ಬಂತು.

ಗುಂಜಹಳ್ಳಿಯಲ್ಲಿ ಒಮ್ಮೆ ನಾನು ಅವರ ಜೊತೆಗಿದ್ದೆ. ಬೇರೆ ಕೆಲಸಕ್ಕೆ ಹೋಗಿದ್ದೆವು. ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಮುದುಕಿಯ ಮುಂದೆ ಅವರು ಬೈಕು ನಿಲ್ಲಿಸಿದರು.

"ಯವ್ವಾ, ಮ್ಯಾಲಿನ ಕಲ್ಲು ಇಳಸ್ಲೇನು?"

"ಯಾಕಪಾ, ನಿನಗ ಕಲ್ಲು ಬೇಕಾಗ್ಯಾವೇನು?"

"ನನಗ್ಯಾಕ ಬೇಕು. ಗಾಳಿ ಬಂದ್ರ ನಿನ್ನ ತಲಿ ಮ್ಯಾಲ ಬೀಳ್ತಾವ."

"ಇಳಸಿದ್ರ ತಗಡ ಹಾರ್ತದ. ಆವಾಗ ನೀ ಬಂದು ಮ್ಯಾಲ ಮಲಕ್ಕೊಂತಿಯೇನು?"

"ತಂತಿ ಕಟ್ತೀನವ್ವಾ."

ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಮನಿಗಿ ಏನ್ ಹಾಕ್ಸೀ?"

"ಆರ್‌ಸಿಸಿ."

"ಮತ್ತ" ಎಂದು ಆಕೆ ಮತ್ತೊಂದು ಕಾಯಿ ಸುಲಿದಳು. ಅಷ್ಟೇ. ಮಿಸ್ತ್ರಿ ಬೈಕು ಹತ್ತಿ ಊರು ದಾಟಿಸಿದರು. ಆಮೇಲೆ, "ಆರ್‌ಸಿಸಿ ಅನಬಾರ್ದಿತ್ತು" ಎಂದರು.

ಎಲ್ಲ ಕಡೆಯೂ ಅವರು ದ್ವೀಪದ ಕತೆ ಹೇಳುತ್ತಿದ್ದರು. ಕತೆಯಲ್ಲಿ ನಾನು ಇರುತ್ತಿರಲಿಲ್ಲ. "ನಾ ಇಟ್ಟ ಕಲ್ಲು ಒಬ್ಬಾಕಿ ಕೈ ಮುರೀತು" ಎನ್ನುತ್ತಿದ್ದರು. ಸಮುದ್ರ ನೋಡದ ಜನಕ್ಕೆ ಐದು ಗಂಟೆಯ ಗಾಳಿ ನಂಬುವ ಮಾತಾಗಿರಲಿಲ್ಲ. ಒಬ್ಬನೇ ಹೇಳಿದರೆ ಕತೆ, ಇಬ್ಬರು ಹೇಳಿದರೆ ಸಾಕ್ಷಿ ಎಂದು ಅವರಿಗೆ ಅನ್ನಿಸಿರಬೇಕು. ವರ್ಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಒಂದ್ಸಲ ನನ್ನ ಕೂಡ ಬಾರಲೇ ತಮ್ಮಾ. ನೀ ನೌಕರಿಯಾಂವ, ನೀ ಹೇಳಿದ್ರ ಕೇಳ್ತಾರ." ನನಗೆ ಪರೀಕ್ಷೆ ಇರುತ್ತಿತ್ತು, ಪ್ರಾಕ್ಟಿಕಲ್ ಇರುತ್ತಿತ್ತು, ಜ್ವರ ಬಂದಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅವರು ಗಬ್ಬೂರನ್ನು ಹಿಡಿದರು. ಅಲ್ಲಿ ನನ್ನ ಸೋದರಮಾವನ ಹಿಟ್ಟಿನ ಗಿರಣಿ ಇದೆ. ಗಿರಣಿಯ ಮುಂದೆ ಚಾಚಿದ ತಗಡಿನ ನೆರಳಲ್ಲಿ ಹೆಂಗಸರು ಡಬ್ಬಿ ಇಟ್ಟುಕೊಂಡು ಪಾಳಿಗೆ ಕೂರುತ್ತಾರೆ. ಆ ತಗಡಿನ ಮೇಲೆ ಏಳು ಕಲ್ಲು. ಗಿರಣಿಯ ಬೇರಿಂಗ್ ನೋಡಲು ಹೋದಾಗ ಮಿಸ್ತ್ರಿ ಅದನ್ನು ಕಂಡರು. ಮಾವ ಒಪ್ಪಲಿಲ್ಲ.

"ಮೂವತ್ತು ವರ್ಷ ಆತು, ಇಟ್ಟಲ್ಲೇ ಅವ. ಕಲ್ಲಿಗಿ ಏನ್ ಕಾಲು ಬಂದಾವೇನ್ರೀ?"

"ಬರ್ತಾವ್ರೀ. ನಾ ನೋಡೀನಿ."

ಗಿರಣಿಯಲ್ಲಿದ್ದವರೆಲ್ಲ ನಕ್ಕರಂತೆ. ಮಿಸ್ತ್ರಿ ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಭಾನುವಾರ ಬಾ, ನಿನ್ನ ಮಾವ ನಿನ್ನ ಮಾತು ಕೇಳುತ್ತಾನೆ, ನೀನೂ ನೋಡಿದ್ದೀ ಎಂದು ಒಂದು ಮಾತು ಹೇಳು ಸಾಕು, ನಾನು ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ ಎಂದರು. ಬರುತ್ತೇನೆ ಎಂದೆ.

ಹೋದೆ ಕೂಡ. ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿಗೆ ಟಿಕೆಟ್ ತೆಗೆದುಕೊಂಡೆ. ಹಿಂದಿನಿಂದ ಎರಡನೆಯ ಸೀಟು, ಕಿಟಕಿಯ ಕಡೆ. ದಾರಿಯುದ್ದಕ್ಕೂ ಮಾವನ ಮುಂದೆ ಏನು ಹೇಳಬೇಕು ಎಂದು ಹೊಂದಿಸಿಕೊಂಡೆ. ನಾನೂ ನೋಡಿದ್ದೇನೆ ಎಂದರೆ, ಯಾರು ಇಟ್ಟರು ಎಂದು ಕೇಳುತ್ತಾರೆ. ಮಿಸ್ತ್ರಿ ನಾನು ಎನ್ನುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ. ಬಸ್ಸು ಗಬ್ಬೂರಿನಲ್ಲಿ ನಿಂತಿತು. ಬೇವಿನ ಮರದ ಕೆಳಗೆ, ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಅವರು ನಿಂತಿದ್ದರು. ಮುಂದಿನ ಬಾಗಿಲಿನಿಂದ ಇಳಿಯುವ ಒಬ್ಬೊಬ್ಬರನ್ನೂ ನೋಡುತ್ತಿದ್ದರು. ಹನ್ನೊಂದು ಮಂದಿ ಇಳಿದರು. ನಾನು ಏಳಲಿಲ್ಲ. ಬಸ್ಸು ಹೊರಟಿತು. ಕಂಡಕ್ಟರ್ ಬಂದು, "ಗಬ್ಬೂರಂತ ತಗೊಂಡಿದ್ರಲ್ರೀ" ಎಂದ. ದೇವದುರ್ಗಕ್ಕೆ ಮಾಡಿಕೊಡಿ ಎಂದೆ. ದೇವದುರ್ಗದ ಬಸ್ ನಿಲ್ದಾಣದ ಬೆಂಚಿನ ಮೇಲೆ ಎರಡು ತಾಸು ಕೂತು ವಾಪಸ್ ಬಂದೆ.

ಆ ಬೇಸಿಗೆಯಲ್ಲಿ ಗಬ್ಬೂರಿನಲ್ಲಿ ಜೋರು ಗಾಳಿ ಬಂತು. ಗಿರಣಿಯ ಕಲ್ಲು ಬೀಳಲಿಲ್ಲ. ಮಾವ ಫೋನಿನಲ್ಲಿ ಅದನ್ನು ಎರಡು ಸಲ ಹೇಳಿದ. ಬೀಳದೆ ಉಳಿದ ಕಲ್ಲಿನ ಮುಂದೆ ಯಾರೂ ಏನೂ ವಾದ ಮಾಡಲಾಗುವುದಿಲ್ಲ. ಮಿಸ್ತ್ರಿಯನ್ನು ಇದೇ ದಣಿಸಿದ್ದು. ಯಾರಿಗೂ ಪೆಟ್ಟಾಗಬಾರದು ಎಂದು ತಿರುಗುತ್ತಿದ್ದರು, ಪೆಟ್ಟಾಗದಿದ್ದಷ್ಟೂ ಅವರ ಮಾತು ಸುಳ್ಳಾಗುತ್ತಿತ್ತು. ಅಷ್ಟು ವರ್ಷದಲ್ಲಿ ಕಲ್ಲು ಇಳಿಸಲು ಒಪ್ಪಿದ್ದು ಎಷ್ಟು ಮನೆ ಎಂದು ಒಮ್ಮೆ ಕೇಳಿದ್ದೆ. "ಮೂವತ್ತೊಂದು" ಎಂದರು. ಆಮೇಲೆ, "ಅದರಾಗ ಒಂಬತ್ತು ಮಂದಿ ಮತ್ತ ಇಟ್ರು" ಎಂದರು.

ಗಬ್ಬೂರಿನ ಭಾನುವಾರದ ಬಗ್ಗೆ ಅವರು ಏನೂ ಕೇಳಲಿಲ್ಲ. ಆರು ತಿಂಗಳ ಮೇಲೆ ರಾಯಚೂರಿನಲ್ಲಿ ಸಿಕ್ಕಾಗ ಚಹಾ ಕುಡಿಯುತ್ತ, "ಅವತ್ತು ಬಸ್ಸು ಬಾಳ ರಶ್ ಇತ್ತಲಾ" ಎಂದರು. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದವು. ಹೌದು ಎಂದೆ. ನಂತರ ಅವರು ನನ್ನನ್ನು ಕರೆಯಲಿಲ್ಲ.

ತೀರಿಕೊಂಡ ಮೂರನೆಯ ದಿನ ಮಾನ್ವಿಗೆ, ಅವರ ಮನೆಗೆ ಹೋದೆ. ಬಂದವರು ಕೂರಲು ಮನೆಯ ಮುಂದೆ ಕಂಬ ನೆಟ್ಟು ತಗಡು ಹೊದಿಸಿದ್ದರು. ಕಣ್ಣು ತಾನಾಗಿ ಮೇಲೆ ಹೋಯಿತು. ತಗಡಿನ ಮೇಲೆ ಏನೂ ಇರಲಿಲ್ಲ. ಗೋಡೆಯ ಬದಿಗೆ ಆರು ಕಲ್ಲು ಸಾಲಾಗಿ ಇದ್ದವು.

ಅವರ ಹೆಂಡತಿ ಒಳಗಿನಿಂದ ಬಂದರು. ನಾನು ಕಲ್ಲು ನೋಡುತ್ತಿದ್ದುದು ಅವರಿಗೆ ಕಂಡಿತು. "ಹುಡುಗ್ರು ಇಟ್ಟಿದ್ರು. ನಾನ ಇಳಸಿದೆ. ಇಷ್ಟು ವರ್ಷ ನಿಮಗ ಹುಚ್ಚು ಹಿಡದದ ಅಂತ ಅವರಿಗಿ ಬೈದೀನಿ ನಾನೂ."

ಅವರು ಚಾಪೆ ಹಾಸಿದರು, ಕೂತೆವು. ಅವರೇ ಕೇಳಿದರು. "ಆ ಹೆಣ್ಮಗಳ ಕೈ ಈಗ ಹ್ಯಾಂಗದ?"

ಹನ್ನೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನನಗೂ ಹೊಳೆಯದ ಪ್ರಶ್ನೆ. ಗೊತ್ತಿಲ್ಲ ಎಂದೆ. ಆಮೇಲೆ, "ಅಕ್ಕಾ, ಆ ಕಲ್ಲು ಇಟ್ಟಾಂವ ನಾನು. ಮಿಸ್ತ್ರಿ ಇಟ್ಟಿದ್ದಲ್ಲ" ಎಂದೆ.

"ಗೊತ್ತದ. ಬಂದ ದಿನಾನ ಹೇಳ್ಯಾರ" ಎಂದರು. ಅವರ ದನಿಯಲ್ಲಿ ಏನೂ ಬದಲಾಗಲಿಲ್ಲ. "ಯಾರ ಮುಂದೂ ಅನಬ್ಯಾಡ ಅಂದಿದ್ರು. ಸಣ್ಣಾಂವ ಅದಾನ, ನೌಕರಿ ಹುಡಕಾಕತ್ಯಾನ ಅಂದ್ರು. ಇಡು ಅಂದಾಂವ ನಾನು, ಅಂದ್ರು."

ಏಳುವಾಗ ಅವರು ಗೂಟದ ಮೇಲಿನ ತಂತಿಯ ಸುರುಳಿ ಮತ್ತು ಪಕ್ಕಡ ತಂದು ನನ್ನ ಕೈಗೆ ಕೊಟ್ಟರು. "ಒಯ್ರಿ. ಮನ್ಯಾಗ ಇದ್ರ ಜಂಗ್ ಹಿಡಿತದ."

ರಾಯಚೂರಿನ ಬಸ್ಸು ಹತ್ತಿದೆ. ಸುರುಳಿ ತೊಡೆಯ ಮೇಲಿತ್ತು. ಕಿಟಕಿಯಿಂದ ಮನೆಗಳ ಮಾಡು ಒಂದೊಂದಾಗಿ ಹಿಂದೆ ಹೋದವು. ಒಂದು ಊರಿನ ಹತ್ತಿರ ಬಸ್ಸು ನಿಂತಾಗ ರಸ್ತೆಯ ಪಕ್ಕಕ್ಕೆ ಚಹಾದ ಅಂಗಡಿ ಕಂಡಿತು. ಮೂರು ತಗಡು, ನಾಲ್ಕು ಕಲ್ಲು, ಕೆಳಗೆ ಒಂದು ಬೆಂಚು. ಬಸ್ಸು ಹೊರಡುವ ಮೊದಲು ಎದ್ದೆ.

"ರಾಯಚೂರು ಇನ್ನೂ ದೂರ ಅದರೀ" ಎಂದ ಕಂಡಕ್ಟರ್.

"ಇರ್ಲಿ" ಎಂದು ಇಳಿದೆ.

ಅಂಗಡಿಯ ಹೆಂಗಸು ನನ್ನ ಕೈಯಲ್ಲಿದ್ದ ಸುರುಳಿ ನೋಡಿ ನಾನು ಬಾಯಿ ತೆರೆಯುವ ಮೊದಲೇ ನಕ್ಕಳು. "ಕಲ್ಲಿನ ಮಿಸ್ತ್ರಿ ಕಡಿಯವರೇನ್ರೀ? ಪ್ರತಿ ವರ್ಷ ಬರ್ತಾನ ಅಂವ. ಈ ಸಲ ಬಂದಿಲ್ಲ."

ಅವರು ತೀರಿಕೊಂಡರು ಎಂದು ಹೇಳಿದೆ. ಆಕೆ ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಗಾಳಿ, ಐದು ಗಂಟೆ, ಮೂರು ಕಲ್ಲು, ಇಟ್ಟವನು ನಾನು, ಎತ್ತಿದ ಕೈ. ಆಕೆ ಪೂರ್ತಿ ಕೇಳಿದಳು. ಚಹಾ ಸೋಸುತ್ತ ಕೇಳಿದಳು.

"ಪಾಪ" ಎಂದಳು. "ಆದ್ರ ಕಲ್ಲು ಇಳಸಂಗಿಲ್ರೀ. ನಮ್ಮ ಮನಿಯವ್ರು ಬೈತಾರ."

ಇನ್ನೊಂದು ಸಲ ಹೇಳಿದೆ. ಇನ್ನೊಂದು ಸಲ ಇಲ್ಲ ಎಂದಳು. ಚಹಾ ತೆಗೆದುಕೊಂಡು ಬೆಂಚಿನ ಹತ್ತಿರ ಹೋದೆ. ಕೂರುವ ಜಾಗಕ್ಕೆ ನೇರ ಮೇಲೆ ಒಂದು ಕಲ್ಲು ಇತ್ತು. ತಗಡು ಅಲ್ಲಿ ಸ್ವಲ್ಪ ತಗ್ಗಿತ್ತು. ಲೋಟವನ್ನು ನೆಲಕ್ಕಿಟ್ಟು, ಬೆಂಚನ್ನು ಎರಡೂ ಕೈಯಿಂದ ಹಿಡಿದು ಒಂದು ಮಾರು ಈಚೆಗೆ, ಬಿಸಿಲಿಗೆ ಎಳೆದೆ. ಆಕೆ ನೋಡುತ್ತಿದ್ದಳು. ಅದಕ್ಕೆ 'ಬ್ಯಾಡ' ಅನ್ನಲಿಲ್ಲ.